ನೀರು ತಿಳಿಯಾಗುವವರೆಗೆ

ಹವಾಯಿಯ ಮೌಯಿ ದ್ವೀಪದಲ್ಲಿರುವ ಕಿಹೇ ಎಂಬ ಊರಿನಲ್ಲಿ ನಾವು ಉಳಿದದ್ದು ಮೂರೇ ದಿನ. ಕುಂದಾಪುರದಿಂದ ಕ್ಯಾಲಿಫೋರ್ನಿಯಾದ ನಮ್ಮ ಮನೆಗೆ ಬಂದಿದ್ದ ಅಪ್ಪಯ್ಯನನ್ನೂ ಒಂಬತ್ತು ವರ್ಷದ ಮಗಳನ್ನೂ ಕರೆದುಕೊಂಡು ಕಳೆದ ಅಕ್ಟೋಬರ್‌ನಲ್ಲಿ ಅಲ್ಲಿಗೆ ಹೋಗಿದ್ದೆ. ಹವಳದ ಬಂಡೆಗಳ ನಡುವೆ ಓಡಾಡುವ ಬಣ್ಣದ ಮೀನುಗಳನ್ನು ಮಗಳಿಗೆ ತೋರಿಸಬೇಕೆಂಬುದು ನನ್ನ ಬಹುದಿನದ ಆಸೆಯಾಗಿತ್ತು.

ತಲುಪಿದ ರಾತ್ರಿಯೇ ಜೋರು ಮಳೆ ಸುರಿಯಿತು. ಬೆಳಿಗ್ಗೆ ಕಮಾಓಲೆ ಕಡಲತೀರಕ್ಕೆ ಹೋದಾಗ ದಡದಿಂದ ಸುಮಾರು ನೂರು ಮೀಟರಿನವರೆಗೆ ನೀರು ಹಾಲು ಹಾಕಿದ ಚಹಾದಂತೆ ಕಂದು ಬಣ್ಣಕ್ಕೆ ತಿರುಗಿತ್ತು. ಕಂದು ನೀರು ಮುಗಿದು ನೀಲಿ ನೀರು ಶುರುವಾಗುವ ಗೆರೆ ಕತ್ತರಿಸಿದಷ್ಟು ಸ್ಪಷ್ಟವಾಗಿತ್ತು. ಆ ಗೆರೆಯ ಉದ್ದಕ್ಕೂ ಒಣ ಕಡ್ಡಿಗಳು, ತೆಂಗಿನ ಸಿಪ್ಪೆ, ಯಾರದೋ ಒಂದು ಹವಾಯಿ ಚಪ್ಪಲಿ ತೇಲುತ್ತಿದ್ದವು. ಮರಳಿನಲ್ಲಿ ನೆಟ್ಟಿದ್ದ ಫಲಕವೊಂದು ದೊಡ್ಡ ಶಾರ್ಕ್ ಕಾಣಿಸಿಕೊಂಡಿದೆ, ನೀರಿಗೆ ಇಳಿಯಬೇಡಿ ಎಂದು ಎಚ್ಚರಿಸುತ್ತಿತ್ತು.

ಆ ಫಲಕವನ್ನು ಓದಿದ ಮೇಲೂ ನನ್ನ ಮನಸ್ಸು ಒಪ್ಪಲಿಲ್ಲ. ಇಷ್ಟು ದೂರ ಬಂದು, ಇಷ್ಟು ಖರ್ಚು ಮಾಡಿ, ಮೂರರಲ್ಲಿ ಒಂದು ದಿನವನ್ನು ದಡದಲ್ಲಿ ಕುಳಿತು ಕಳೆಯುವುದೇ ಎಂದು ಯೋಚಿಸುತ್ತಾ, ಮೊಣಕಾಲುದ್ದದ ನೀರಿನಲ್ಲಿ ನಿಂತರೆ ಏನಾಗುತ್ತದೆ ಎಂದು ಕೇಳಿಯೇಬಿಟ್ಟೆ. ಅಪ್ಪಯ್ಯ ಇಂಗ್ಲಿಷ್ ಫಲಕವನ್ನು ಓದಿರಲಿಲ್ಲ, ನೀರನ್ನಷ್ಟೇ ನೋಡಿ ಹೇಳಿದರು: "ಮಳಿ ನೀರ್ ಬಂದ್ ಸೇರಿದ್ ಕಡ್ಲಿಗ್ ಇಳೂಕಾಗ, ಮಗಾ."

ಅಪ್ಪಯ್ಯ ಬೆಳೆದದ್ದು ಗಂಗೊಳ್ಳಿಯ ಅಳಿವೆಯ ಬಳಿ. ಹೊಳೆಯ ನೀರು ಕೆಂಪಾಗಿ ಬಂದು ಕಡಲು ಸೇರುವಾಗ ಅದರ ಜೊತೆ ಬರುವ ಕಸಕ್ಕೆ ಸಣ್ಣ ಮೀನು ಸೇರುತ್ತದೆ, ಸಣ್ಣ ಮೀನಿನ ಬೆನ್ನಿಗೆ ತಾಟೆ, ಅಂದರೆ ಶಾರ್ಕ್, ಬರುತ್ತದೆ ಎಂಬುದು ಅವರಿಗೆ ಬಾಲ್ಯದಿಂದ ಗೊತ್ತಿದ್ದ ಮಾತು. ಕಾವಲು ಗೋಪುರದಲ್ಲಿದ್ದ ಲೈಫ್‌ಗಾರ್ಡ್ ಕೂಡ ಬಹುತೇಕ ಅದನ್ನೇ ಹೇಳಿದರು. ಮಳೆಯ ನಂತರ ಹಳ್ಳಗಳು ಕಡಲಿಗೆ ಸೇರುವ ಜಾಗದಿಂದ ದೂರವಿರಬೇಕು, ಕದಡಿದ ನೀರಿನಲ್ಲಿ ಈಜಬಾರದು, ನಸುಕಿನಲ್ಲೂ ಮುಸ್ಸಂಜೆಯಲ್ಲೂ ಇಳಿಯಬಾರದು, ಒಬ್ಬರೇ ದೂರ ಹೋಗಬಾರದು. ತಿಳಿನೀರಿನಲ್ಲಿ ಮನುಷ್ಯನನ್ನು ಗುರುತಿಸಿ ಸರಿದುಹೋಗಬಹುದಾದ ಶಾರ್ಕ್, ಕದಡಿದ ನೀರಿನಲ್ಲಿ ಕಚ್ಚಿ ನೋಡಿಯೇ ಗುರುತಿಸಬೇಕಾದೀತು. ಕಚ್ಚುವುದು ಟೈಗರ್ ಶಾರ್ಕ್ ಆದರೆ ಆ ಒಂದು ಪರೀಕ್ಷೆಯೇ ಪ್ರಾಣಕ್ಕೆ ಸಾಕು.

"ಹಾಗಾದರೆ ಅದನ್ನು ಯಾಕೆ ಕೊಲ್ಲುವುದಿಲ್ಲ ಅಪ್ಪಾ?" ಎಂದು ಮಗಳು ಕೇಳಿದಳು. ಆ ಮಧ್ಯಾಹ್ನ ಕೋಣೆಯಲ್ಲಿ ಕುಳಿತು ನಾನು ಅದಕ್ಕೆ ಉತ್ತರ ಹುಡುಕಿದೆ. ಹವಾಯಿಯ ಜನ ಅದನ್ನೂ ಮಾಡಿ ನೋಡಿದ್ದಾರೆ. 1959ರಿಂದ 1976ರವರೆಗೆ ಸರ್ಕಾರವೇ ನಡೆಸಿದ ಬೇಟೆಯಲ್ಲಿ 4,668 ಶಾರ್ಕ್‌ಗಳನ್ನು ಕೊಂದರೂ ದಾಳಿಗಳು ಗಮನಾರ್ಹವಾಗಿ ಕಡಿಮೆಯಾಗಲಿಲ್ಲ. ಈಗ ಅಲ್ಲಿ ಶಾರ್ಕ್‌ಗಳನ್ನು ಬೇಕೆಂದೇ ಹಿಡಿಯುವುದು, ಕೊಲ್ಲುವುದು 2022ರಿಂದ ಕಾನೂನಿಗೆ ವಿರುದ್ಧ. ಶಾರ್ಕನ್ನು 'ಮನೋ' ಎಂದು ಕರೆಯುವ ಅಲ್ಲಿನ ಮೂಲನಿವಾಸಿಗಳಲ್ಲಿ ಕೆಲವು ಮನೆತನಗಳಿಗೆ ಅದು ಕುಲವನ್ನು ಕಾಯುವ ಹಿರಿಯರ ರೂಪ. ನಾಗನಿಗೆ ಬನ ಬಿಟ್ಟುಕೊಡುವ ಊರಿನಿಂದ ಬಂದ ಅಪ್ಪಯ್ಯನಿಗೆ ಇದನ್ನು ವಿವರಿಸಿ ಹೇಳಬೇಕಾಗಲಿಲ್ಲ.

ನಾವು ಆರಿಸಿಕೊಂಡ ತಿಂಗಳು ಎಂಥದ್ದು ಎಂಬುದೂ ಆಗಲೇ ತಿಳಿಯಿತು. 1995ರಿಂದ 2024ರವರೆಗೆ ಹವಾಯಿಯಲ್ಲಿ ಶಾರ್ಕ್‌ಗಳು ತಾವಾಗಿ ಕಚ್ಚಿದ ಪ್ರಕರಣಗಳಲ್ಲಿ ಸುಮಾರು ಶೇ. 20 ಅಕ್ಟೋಬರ್ ಒಂದರಲ್ಲೇ ನಡೆದಿವೆ. ಹೆಣ್ಣು ಟೈಗರ್ ಶಾರ್ಕ್‌ಗಳು ಮರಿ ಹಾಕುವ ಕಾಲವಿದು. ವಾಯವ್ಯದ ದೂರದ ದ್ವೀಪಗಳ ಕಡೆಯಿಂದಲೂ ಒಂದಷ್ಟು ಹೆಣ್ಣುಗಳು ಜನವಸತಿಯ ದ್ವೀಪಗಳತ್ತ ಬರುತ್ತವೆ. ಆದರೂ ಇಡೀ ಹವಾಯಿಯಲ್ಲಿ ವರ್ಷಕ್ಕೆ ನಡೆಯುವುದು ಸಾಮಾನ್ಯವಾಗಿ ಬೆರಳೆಣಿಕೆಯ ಪ್ರಕರಣಗಳು, ಸಾವು ಅಪರೂಪ. ಅಲ್ಲಿ ಪ್ರವಾಸಿಗರ ಪ್ರಾಣವನ್ನು ಅದಕ್ಕಿಂತ ಎಷ್ಟೋ ಹೆಚ್ಚಾಗಿ ತೆಗೆಯುವುದು ನೀರಿನಲ್ಲಿ ಮುಳುಗುವಿಕೆ, ಅದರಲ್ಲೂ ಉಸಿರಿನ ಕೊಳವೆ ಹಾಕಿಕೊಂಡು ನೀರಿನಲ್ಲಿ ಮುಖವಿಟ್ಟು ತೇಲುವ ಸ್ನಾರ್ಕೆಲಿಂಗ್ ಮಾಡುವಾಗ. ಈ ಸಾಲನ್ನೂ ನಾನು ಓದಿದ್ದೆ. ಓದಿ ಮುಂದೆ ಹೋಗಿದ್ದೆ.

ಮರುದಿನ ಮಧ್ಯಾಹ್ನ ಫಲಕ ತೆಗೆದರು. ನೀರು ತಿಳಿಯಾಗಿತ್ತು. ಮಗಳನ್ನು ಅಪ್ಪಯ್ಯನ ಬಳಿ ಬಿಟ್ಟು, ಮೊದಲು ನಾನೊಬ್ಬನೇ ನೋಡಿ ಬರುತ್ತೇನೆಂದು ಬಾಡಿಗೆಗೆ ತಂದಿದ್ದ, ಮುಖವನ್ನೆಲ್ಲ ಮುಚ್ಚುವ ಮುಖವಾಡವನ್ನು ಹಾಕಿಕೊಂಡು ಇಳಿದೆ. ಬಂಡೆಯ ಅಂಚಿನಲ್ಲಿ ಹಳದಿ ಮೀನುಗಳ ಹಿಂಡಿತ್ತು. ಆದರೆ ನನ್ನ ಕಣ್ಣು ಅವುಗಳ ಆಚೆಯ ನೀಲಿಯಲ್ಲಿ ಕಾಣುವ ಒಂದೊಂದು ನೆರಳನ್ನೂ ಶಾರ್ಕೇ ಎಂದು ಪರೀಕ್ಷಿಸುತ್ತಿತ್ತು. ಹಾಗೆ ನೋಡುತ್ತಾ ಎಷ್ಟು ಹೊತ್ತಾಯಿತೋ, ತಲೆ ಎತ್ತಿದಾಗ ಕಾವಲು ಗೋಪುರ ನನ್ನ ಎದುರಿಗಿರಲಿಲ್ಲ. ಕಪ್ಪು ಬಂಡೆಗಳ ಮೂಲೆ ಹತ್ತಿರವಾಗಿತ್ತು. ಸೆಳೆತಕ್ಕೆ ಎದುರಾಗಿ ಜೋರಾಗಿ ಕೈ ಬೀಸತೊಡಗಿದೆ. ಮುಖವಾಡದೊಳಗೆ ಎಳೆದುಕೊಂಡಷ್ಟು ಉಸಿರು ಸಾಲದೆ ಎದೆ ಬಿಗಿಯಿತು, ಗಾಜಿಗೆ ಮಂಜು ಕಟ್ಟಿತು, ಪಟ್ಟಿ ಬಿಚ್ಚಲು ಬೆರಳುಗಳು ಮಾತು ಕೇಳಲಿಲ್ಲ. ಕೊಳವೆಯ ಮೂಲಕ ಕಷ್ಟಪಟ್ಟು ಉಸಿರೆಳೆಯುವುದರಿಂದಲೇ ಕೆಲವರ ಶ್ವಾಸಕೋಶದಲ್ಲಿ ದ್ರವ ತುಂಬಿಕೊಳ್ಳಬಹುದೆಂದು ಹವಾಯಿಯಲ್ಲೇ ನಡೆದ ಅಧ್ಯಯನವೊಂದು ಹೇಳಿದೆ ಎಂಬುದನ್ನು ನಾನು ಓದಿದ್ದು ಊರಿಗೆ ಮರಳಿದ ಮೇಲೆ.

ಮುಖವಾಡ ಕಿತ್ತು ಬೆನ್ನ ಮೇಲೆ ಮಲಗುವಷ್ಟರಲ್ಲಿ ಲೈಫ್‌ಗಾರ್ಡ್ ಹಲಗೆಯ ಮೇಲೆ ಬಂದು ನನ್ನ ಕೈ ಹಿಡಿದಿದ್ದರು. ಅವರನ್ನು ಕಳಿಸಿದ್ದು ಅಪ್ಪಯ್ಯ. ಭಾಷೆ ಬಾರದಿದ್ದರೂ ಗೋಪುರದ ಕೆಳಗೆ ನಿಂತು, ನನ್ನತ್ತ ಬೆರಳು ತೋರಿಸಿ, ಅಂಗೈಯನ್ನು ಬಲಕ್ಕೆ ಬಲಕ್ಕೆ ಸರಿಸಿ, ನಾನು ಕೊಚ್ಚಿಕೊಂಡು ಹೋಗುತ್ತಿರುವುದನ್ನು ಅವರಿಗೆ ತಿಳಿಸಿದ್ದರು. ದಡಕ್ಕೆ ಬಂದ ನನಗೆ ಅಪ್ಪಯ್ಯ ಒಂದು ಮಾತನ್ನೂ ಅನ್ನಲಿಲ್ಲ. ಟವೆಲ್ ಹೊದಿಸಿ, ಬಹಳ ಹೊತ್ತು ಬೆನ್ನ ಮೇಲೆ ಕೈ ಇಟ್ಟುಕೊಂಡೇ ಕುಳಿತಿದ್ದರು.

ಮೂರನೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ, ಲೈಫ್‌ಗಾರ್ಡ್ ಗೋಪುರದ ನೇರಕ್ಕೆ, ಸೊಂಟದ ಮಟ್ಟದ ನೀರಿನಲ್ಲಿ ಮಗಳನ್ನು ಇಳಿಸಿದೆವು. ಅದಕ್ಕೂ ಮೊದಲು ಅಪ್ಪಯ್ಯ ಅವಳನ್ನು ಮರಳಿನಲ್ಲಿ ನಿಲ್ಲಿಸಿ, ದೋಣಿಯವರು ಕಡಲಿನಲ್ಲಿ ಜಾಗ ಗುರುತಿಟ್ಟುಕೊಳ್ಳುವ ರೀತಿಯನ್ನು ಹೇಳಿಕೊಟ್ಟರು. ಗೋಪುರ ಮುಂದೆ, ಎತ್ತರದ ತೆಂಗಿನ ಮರ ಅದರ ಹಿಂದೆ. ಎರಡೂ ಒಂದೇ ಗೆರೆಯಲ್ಲಿ ಕಾಣುವವರೆಗೆ ನೀನು ಇದ್ದಲ್ಲೇ ಇದ್ದೀಯ, ಮರ ಪಕ್ಕಕ್ಕೆ ಸರಿಯಿತೆಂದರೆ ಸರಿದದ್ದು ನೀನು. ಮಗಳು ನೀರಿನಲ್ಲಿ ಮುಖವಿಟ್ಟು ಒಂದು ಹಳದಿ ಮೀನು ನೋಡುವಳು, ತಲೆ ಎತ್ತಿ ಮರ ನೋಡುವಳು, ಮತ್ತೆ ಮುಖವಿಡುವಳು. ನಾನು ಅವಳಿಂದ ಒಂದು ಕೈ ಅಳತೆಯಲ್ಲಿ ನಿಂತು, ಅವಳ ಜೊತೆಗೇ ಮರವನ್ನು ನೋಡುತ್ತಿದ್ದೆ.