ಸೂರ್ಯನಿಗೆ ಯಾವ ಫಿಲ್ಟರ್?

ಪುಣೆಯಲ್ಲಿ ಮಳೆ ಮುಗಿಯುತ್ತಾ ಬಂತು. ಟೆಲಿಸ್ಕೋಪಿನಲ್ಲಿ ಸೂರ್ಯನನ್ನು ನೋಡಲು ಯಾವ ಸೋಲಾರ್ ಫಿಲ್ಟರ್ ತರಬೇಕು ಎಂಬ ಚರ್ಚೆ ನಮ್ಮ ಕನ್ನಡ ಬಳಗದಲ್ಲಿ ಮತ್ತೆ ಶುರು.

ನನ್ನ ಓಟು ಹೈಡ್ರೋಜನ್ ಆಲ್ಫಾಗೆ (ಎಚ್-ಆಲ್ಫಾ), ಅಂದರೆ ಹೈಡ್ರೋಜನ್ನಿನ ಒಂದು ಕೆಂಪು ಬೆಳಕನ್ನಷ್ಟೇ ಬಿಡುವ ಫಿಲ್ಟರಿಗೆ. 656.28 ನ್ಯಾನೋಮೀಟರ್ ತರಂಗಾಂತರದ ಆ ಕೆಂಪು ಬೆಳಕಿನಲ್ಲಿ ಸೂರ್ಯನ ಅಂಚಿನ ಜ್ವಾಲೆಗಳೂ ಕಾಣುತ್ತವೆ, ಮೈಮೇಲಿನ ಕಪ್ಪು ಎಳೆಗಳೂ ಕಾಣುತ್ತವೆ. ಆದರೆ ಫಿಲ್ಟರ್ ಒಳಬಿಡುವ ತರಂಗಾಂತರಗಳ ಪಟ್ಟಿ ತೀರಾ ಕಿರಿದಿರಬೇಕು. ಜ್ವಾಲೆಗೆ 0.1 ನ್ಯಾನೋಮೀಟರ್ ನಡೆಯುತ್ತದೆ. ಮೈಮೇಲಿನ ವಿವರ ಚೆನ್ನಾಗಿ ಬೇಕಾದರೆ 0.05ರ ಆಸುಪಾಸು. ಬೆಲೆ ಏರುವುದೂ ಅಲ್ಲೇ! ಇಷ್ಟೊಂದು ಬೆಳಕು ಸುರಿಯುವ ಸೂರ್ಯನನ್ನು ಸರಿಯಾಗಿ ನೋಡಲು ಅದರ ಬಹುಪಾಲನ್ನು ಎಸೆಯಬೇಕು, ವಿಚಿತ್ರ ಅಲ್ವಾ?

ರಾತ್ರಿ ನೆಬ್ಯುಲಾಗೆ (ಆಕಾಶದ ಅನಿಲ-ದೂಳಿನ ಮೋಡಗಳಿಗೆ) ಬಳಸುವ, 7 ನ್ಯಾನೋಮೀಟರ್ ಅಗಲದ ಪಟ್ಟಿಯ ಎಚ್-ಆಲ್ಫಾ ಫಿಲ್ಟರನ್ನೇ ಹಾಕಿದರೆ ಆಗಲ್ವಾ ಎಂದು ಒಬ್ಬರು ಕೇಳಿದರು. ಬೇಡವೇ ಬೇಡ. ಹೆಸರು ಅದೇ ಇರಬಹುದು, ಸೂರ್ಯನ ಎದುರು ಅದು ರಕ್ಷಣೆ ಕೊಡುವುದಿಲ್ಲ. ಕಣ್ಣು ಹೋಗುತ್ತದೆ.

ಕ್ಯಾಲ್ಸಿಯಂನ 393.4 ನ್ಯಾನೋಮೀಟರಿನ ನೇರಳೆ ಬೆಳಕನ್ನು ಬಿಡುವ ಕ್ಯಾಲ್ಸಿಯಂ-ಕೆ ಫಿಲ್ಟರ್ ಕ್ಯಾಮೆರಾಗೆ ಸೊಗಸು. ಅದೇ ಫಿಲ್ಟರ್ ಹಾಕಿದ ಟೆಲಿಸ್ಕೋಪಿಗೆ ಕಣ್ಣಿಟ್ಟು ನೋಡುವವರಿಗೆ, ಅದರಲ್ಲೂ ವಯಸ್ಸಾದವರಿಗೆ, ಜಾಸ್ತಿ ಏನೂ ಕಾಣುವುದಿಲ್ಲ.

ಅಂದಹಾಗೆ, ಇದೇ ಊರಿನ ಖಗೋಳ ಸಂಶೋಧನಾ ಸಂಸ್ಥೆ ಐಯುಕಾದ ನೇತೃತ್ವದಲ್ಲಿ ತಯಾರಾಗಿ 2023ರಲ್ಲಿ ಇಸ್ರೋದ ಸೂರ್ಯ ಅಧ್ಯಯನ ನೌಕೆ ಆದಿತ್ಯ-ಎಲ್1 ಜೊತೆ ಹಾರಿದ ಸೂಟ್ ಟೆಲಿಸ್ಕೋಪಿನಲ್ಲಿ 11 ಫಿಲ್ಟರ್‌ಗಳಿವೆ. ನಾವಿಲ್ಲಿ ಒಂದಕ್ಕೇ ಚಂದಾ ಎತ್ತುತ್ತಿದ್ದೇವೆ. ಮಕ್ಕಳಿಗೂ ಅಜ್ಜ-ಅಜ್ಜಿಯರಿಗೂ ತೋರಿಸಬೇಕು ಎಂದರೆ ಮೊದಲು ಆಲ್ಫಾನೇ ತರೋಣ.