ನೋಟ್ಸ್ ಎಲ್ಲ ಎಐಗೆ ಕೊಟ್ಟು ಜೋಡಿಸಿಕೊಂಡಿದ್ದೀರಾ?

ಕಚೇರಿಯಲ್ಲಿ ಊಟದ ಹೊತ್ತಿಗೆ ಹೊಸ ಹುಡುಗಿ ಕೇಳಿದಳು, ಊರಿಗೆ ಹೋದಾಗ ತಮ್ಮನ ಮಗ ಕೇಳಿದ, ಮೊನ್ನೆ ಮದುವೆಮನೆಯ ಪಂಕ್ತಿಯಲ್ಲಿ ಪಕ್ಕ ಕೂತವರೂ ಕೇಳಿದರು. ‘ಏನು ಕೇಳಿದ್ರೂ ಫೋನ್ ತೆಗೆದು ತೋರಿಸ್ತೀರಲ್ಲ ಅಕ್ಕಾ, ನೋಟ್ಸ್ ಎಲ್ಲ ಎಐಗೆ ಕೊಟ್ಟು ಜೋಡಿಸಿಕೊಂಡಿದ್ದೀರಾ? ಯಾವ ಆ್ಯಪ್?’

ಆ್ಯಪ್ ಹೆಸರು ಹೇಳಿ ಕೈ ತೊಳೆದುಕೊಳ್ಳಬಹುದಿತ್ತು. ಒಂದೆರಡು ಸಲ ಹಾಗೇ ಮಾಡಿದ್ದೆ. ಅವರು ವಾರದೊಳಗೆ ತಿರುಗಿ ಬಂದು ‘ಎಲ್ಲ ಕಲಸುಮೇಲೋಗರ ಆಗಿದೆ’ ಅಂದರು. ಹಾಗಾಗಿ ಈಗ ಕೇಳಿದವರಿಗೆಲ್ಲ ಒಂದೇ ಉತ್ತರ: ಹುಡುಕೋದಕ್ಕೆ ಎಐ ಇಟ್ಟುಕೊಂಡಿದ್ದೇನೆ, ಜೋಡಿಸೋದಕ್ಕೆ ಇಟ್ಟುಕೊಂಡಿಲ್ಲ. ಯಾಕೆ ಅಂತ ಇಲ್ಲಿ ಬರೆದಿಡುತ್ತೇನೆ, ಇನ್ನು ಮುಂದೆ ಲಿಂಕ್ ಕಳಿಸಿದರಾಯಿತು.

ಮೊದಲು ನನ್ನ ರಾಶಿ ಎಂಥದ್ದು ಅಂತ ಹೇಳಬೇಕು. ಹೊಟ್ಟೆಪಾಡಿಗೆ ಅನುವಾದ ಮಾಡುತ್ತೇನೆ, ಊರು ಶಿರಸಿ ಕಡೆ. 2013ರಿಂದ ಬರೆದಿಟ್ಟದ್ದು ಸುಮಾರು ನಾಲ್ಕು ಸಾವಿರ ಚೀಟಿ. ಅದರಲ್ಲಿ ಕಂಡ ಹೊಸ ಪದ, ಅಮ್ಮ ಹೇಳಿದ ಅಡುಗೆ, ಅಡಿಕೆ ಮಾರಿದ ದರ, ಬೋರ್‌ವೆಲ್‌ನವನ ಲೆಕ್ಕ, ಅಪ್ಪನ ಶುಗರ್ ಎಲ್ಲ ಇದೆ. ಕೆಲವು ಗೂಗಲ್ ಕೀಪ್‌ನಲ್ಲಿ, ಕೆಲವು ವಾಟ್ಸ್‌ಆ್ಯಪ್‌ನಲ್ಲಿ ನನಗೆ ನಾನೇ ಕಳಿಸಿಕೊಂಡದ್ದು, ಕೆಲವು ಡೈರಿ ಹಾಳೆಯ ಫೋಟೋ, ಕೆಲವು ಹಳೇ ಪೆನ್‌ಡ್ರೈವ್‌ನಲ್ಲಿ ನುಡಿ, ಬರಹ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶಗಳ ಕಾಲದ ಫೈಲು.

ಆ ಹಳೇ ಫೈಲುಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಆಗಿನ ಫಾಂಟ್‌ಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಆಕಾರ ಕೂರಿಸುತ್ತಿದ್ದವು. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಕಾಗೆ ಕಾಲು ಗುಬ್ಬಿ ಕಾಲು. ಅದನ್ನು ಹಾಗೇ ಎಐ ಮುಂದೆ ಸುರಿದರೆ ಅದು ಊಹೆ ಶುರುಮಾಡುತ್ತದೆ. ಮೊದಲು ಪರಿವರ್ತಕದಲ್ಲಿ ಹಾಕಿ, ಎಲ್ಲ ಕಡೆ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ಗೆ ತನ್ನಿ. ಬೇಜಾರಿನ ಕೆಲಸ, ಆದರೆ ಒಂದೇ ಸಲ.

ಎರಡು ವರ್ಷದ ಹಿಂದೆ ನಾನೂ ಎಲ್ಲರ ಹಾಗೆ ಆಸೆಬಿದ್ದೆ. ಒಂದು ಸಾಧನಕ್ಕೆ ಇಡೀ ಫೋಲ್ಡರ್ ಕೊಟ್ಟು ‘ವಿಷಯವಾರು ವಿಂಗಡಿಸಿ ಟ್ಯಾಗ್ ಹಾಕು’ ಅಂದೆ. ಕಾಫಿ ಕುಡಿದು ಬರುವಷ್ಟರಲ್ಲಿ 640 ಟ್ಯಾಗ್. ಅಡುಗೆ ಒಂದಕ್ಕೇ ‘ಅಡುಗೆ’, ‘ಅಡಿಗೆ’, ‘ಆಹಾರ’, ‘ರೆಸಿಪಿ’, ‘ಪಾಕವಿಧಾನ’ ಅಂತ ಐದು ಹೆಸರು. ಅಡಿಕೆ ದರದ ಚೀಟಿಗಳು ಕೆಲವು ‘ಹಣಕಾಸು’, ಕೆಲವು ‘ಕೃಷಿ’, ಒಂದು ‘ಪಾನ್ ಮಸಾಲ’. ತಪ್ಪು ಅದರದ್ದಲ್ಲ. ಅದು ಚೀಟಿಗಳನ್ನು ತುಂಡು ತುಂಡಾಗಿ ಓದುತ್ತದೆ, ನೂರನೇ ಚೀಟಿಗೆ ಬರುವಾಗ ಹತ್ತನೆಯದಕ್ಕೆ ಏನು ಹೆಸರಿಟ್ಟಿತ್ತು ಅನ್ನೋದು ಅದರ ಮುಂದೆ ಇರುವುದಿಲ್ಲ. ಟ್ಯಾಗ್ ಬೇಕೇ ಬೇಕು ಅನ್ನುವವರು ಮೊದಲು ತಾವೇ ಹತ್ತು ಹದಿನೈದು ಹೆಸರು ಬರೆದು ಕೊಡಿ, ‘ಇದರಲ್ಲೇ ಆರಿಸು, ಗೊತ್ತಾಗದಿದ್ದರೆ ಗೊತ್ತಿಲ್ಲ ಅನ್ನು’ ಅಂತ ಹೇಳಿ. ‘ಗೊತ್ತಿಲ್ಲ’ ಅನ್ನೋದಕ್ಕೆ ಜಾಗ ಕೊಡದಿದ್ದರೆ ಅದು ಸಾಮಾನ್ಯವಾಗಿ ಗೊತ್ತಿಲ್ಲ ಅನ್ನುವುದಿಲ್ಲ.

ಇದಕ್ಕಿಂತ ಹೊಟ್ಟೆ ಉರಿದದ್ದು ಅಪ್ಪೆಹುಳಿ ವಿಷಯದಲ್ಲಿ, ಅಂದರೆ ಮಾವಿನ ಮಿಡಿಯಿಂದ ಮಾಡಿ ಊಟದ ಕೊನೆಗೆ ಕುಡಿಯುವ ನೀರು ಸಾರು. ಅಮ್ಮ ಹೇಳಿದ್ದನ್ನು ಅವಳ ಮಾತಲ್ಲೇ ಬರೆದಿಟ್ಟಿದ್ದೆ: ‘ಅಪ್ಪೆಮಿಡಿ ಬೇಯಿಸಿ ಕಿವುಚು, ಹುಳಿ ನೋಡ್ಕಂಡು ನೀರು, ಸೂಜಿಮೆಣಸು ಎರಡು, ಇಂಗಿನ ಒಗ್ಗರಣೆ.’ ‘ಬರವಣಿಗೆ ತಿದ್ದಿ ನೀಟು ಮಾಡು’ ಅಂದದ್ದೇ ತಡ, ಅಪ್ಪೆಹುಳಿ ಹೋಗಿ ‘ಅಪ್ಪನ ಹುಳಿ’ ಆಯಿತು. ಸೂಜಿಮೆಣಸು ಹಸಿಮೆಣಸಾಯಿತು. ‘ಹುಳಿ ನೋಡ್ಕಂಡು ನೀರು’ ಇದ್ದಲ್ಲಿ ‘2 ಕಪ್ ನೀರು’ ಬಂದು ಕೂತಿತು. ಒಂದು ಮಿಡಿಯ ಹಾಗೆ ಇನ್ನೊಂದು ಮಿಡಿ ಹುಳಿ ಇರುತ್ತದಾ? ಅಮ್ಮನಿಗೆ ಓದಿ ಹೇಳಿದೆ. ‘ಇದ್ಯಾರು ಬರದ್ದು? ಊಟದ ಕೊನೆಗೆ ಕುಡಿಯಲೆ ಬತ್ತಿಲ್ಲೆ ಇದು’ ಅಂದಳು. ಮೂಲ ಚೀಟಿಯ ಪ್ರತಿ ಇಟ್ಟುಕೊಂಡಿದ್ದೆ, ಬಚಾವಾದೆ.

ಆವತ್ತಿನಿಂದ ನನ್ನ ಚೀಟಿಗಳ ಒಳಗೆ ಎಐ ಕೈಯಾಡಿಸುವ ಹಾಗಿಲ್ಲ. ಅದು ಬರೆದದ್ದೆಲ್ಲ ‘ಯಂತ್ರದ ಮಾತು’ ಅನ್ನುವ ಬೇರೆ ಫೋಲ್ಡರಿಗೆ. ಉಳಿದದ್ದು ತೀರಾ ಸರಳ: ಒಂದೇ ಫೋಲ್ಡರ್, ಸಾದಾ ಟೆಕ್ಸ್ಟ್ ಫೈಲು, ಫೈಲಿನ ಹೆಸರಿನ ಮೊದಲಿಗೆ ದಿನಾಂಕ. ನೋಡೋದಕ್ಕೆ ಅಬ್ಸಿಡಿಯನ್ ಅನ್ನುವ ನೋಟ್ಸ್ ಆ್ಯಪ್ ಬಳಸುತ್ತೇನೆ. ಅದು ಫೈಲುಗಳನ್ನು ನಮ್ಮ ಕಂಪ್ಯೂಟರಲ್ಲೇ ಬಿಡುತ್ತದೆ, ನಾಳೆ ಅದು ನಿಂತುಹೋದರೂ ಫೈಲು ತೆರೆಯುತ್ತದೆ. ಕೀಪ್‌ನಲ್ಲಿದ್ದವನ್ನು ಗೂಗಲ್ ಟೇಕ್‌ಔಟ್ ಅನ್ನುವ ಸೌಲಭ್ಯದ ಮೂಲಕ ಇಳಿಸಿಕೊಂಡೆ. ಆ್ಯಪ್ ಹೆಸರು ಕೇಳಿದವರಿಗೆ ಇಷ್ಟು ಸಾಕು.

ಇನ್ನು ಹುಡುಕಾಟ. ಕನ್ನಡದಲ್ಲಿ ಬರೆದಿಡುವವರಿಗೆ ಎಐ ನಿಜವಾಗಿ ಒದಗಿ ಬರುವುದು ಇಲ್ಲಿ. ಮಾಮೂಲಿ ಹುಡುಕಾಟದಲ್ಲಿ ‘ಹಲಸು’ ಅಂತ ಹೊಡೆದು ನೋಡಿ. ‘ಹಲಸಿನ ಹಪ್ಪಳ’ ಸಿಗುವುದಿಲ್ಲ! ಸು ಇದ್ದದ್ದು ಸಿ ಆಗಿದೆ, ಯಂತ್ರಕ್ಕೆ ಅದು ಬೇರೆ ಅಕ್ಷರ. ‘ಹಲಸ’ ಅಂತ ಬಾಲ ಕತ್ತರಿಸಿ ಹುಡುಕಿದರೆ ಎರಡೂ ಬರುತ್ತವೆ (ಎಐ ಇಲ್ಲದವರೂ ಈ ಉಪಾಯ ಇಟ್ಟುಕೊಳ್ಳಿ). ಆದರೆ ‘ಹೋಗು’ ಅಂತ ಹುಡುಕಿ ‘ಹೋದ’ ಹಿಡಿಯೋದು ಹೇಗೆ? ‘ತೊಳೆ ಬಿಡಿಸಿ ಎಣ್ಣೆಗೆ ಹಾಕಿದ್ದು’ ಅಂತ ಬರೆದ ಚೀಟಿಯಲ್ಲಿ ಹಲಸು ಅನ್ನುವ ಪದವೇ ಇಲ್ಲವಲ್ಲ. ಮೇಲಿಂದ ಅವಸರದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಿದ ಕನ್ನಡ ಬೇರೆ.

ಅರ್ಥದ ಮೇಲೆ ಹುಡುಕುವ ವಿಧಾನ ಇದಕ್ಕೆ ಮದ್ದು. ಒಂದೊಂದು ಚೀಟಿಯನ್ನೂ ಎಐ ಮಾದರಿ (ಮಾಡೆಲ್) ಒಂದು ಉದ್ದನೆಯ ಅಂಕಿಗಳ ಸಾಲಾಗಿ ಮಾಡಿಡುತ್ತದೆ. ಅರ್ಥ ಹತ್ತಿರ ಇದ್ದರೆ ಅಂಕಿಗಳೂ ಹತ್ತಿರ. ನಾವು ಕೇಳಿದ ಪ್ರಶ್ನೆಯನ್ನೂ ಹಾಗೇ ಅಂಕಿಯಾಗಿಸಿ, ಹತ್ತಿರದ ಚೀಟಿಗಳನ್ನು ಎತ್ತಿ ಕೊಡುತ್ತದೆ. ‘ಮಳೆಗಾಲಕ್ಕೆ ಕರಿದ ತಿಂಡಿ’ ಅಂತ ಕೇಳಿದಾಗ 2016ರ ಆ ತೊಳೆ ಚೀಟಿ ಬಂತು. ಜೊತೆಗೆ ಛತ್ರಿ ರಿಪೇರಿ ಲೆಕ್ಕವೂ ಬಂತು ಅನ್ನಿ. ಬರಲಿ. ಹತ್ತರಲ್ಲಿ ಎರಡು ಕಸ ಇದ್ದರೆ ನಾನೇ ಬದಿಗೆ ತಳ್ಳುತ್ತೇನೆ, ಚೀಟಿಗೆ ಏನೂ ಆಗಿರುವುದಿಲ್ಲ. ಓದಿ ಉತ್ತರ ಹೇಳುವ ಸಾಧನ ಬೇಕಿದ್ದರೆ ನೋಟ್‌ಬುಕ್‌ಎಲ್‌ಎಂ ಥರದ್ದು ನೋಡಿ. ಪ್ರತಿ ಮಾತಿಗೂ ನಮ್ಮ ಚೀಟಿಯ ಯಾವ ಸಾಲು ಆಧಾರ ಅಂತ ತೋರಿಸುತ್ತದೆ. ಆ ಸಾಲನ್ನು ಒತ್ತಿ ನೋಡುವ ಅಭ್ಯಾಸ ಬೇಕು ಅಷ್ಟೆ.

ಎಲ್ಲವನ್ನೂ ಒಟ್ಟಿಗೆ ಸುರಿಯಬೇಡಿ ಅನ್ನಲು ಇನ್ನೊಂದು ಕಾರಣ ಇದೆ. ಕಂಪ್ಯೂಟರ್ ಅಕ್ಷರಗಳನ್ನು ಉಳಿಸಿಡುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಅಕ್ಷರಕ್ಕೆ 1 ಬೈಟ್ ಜಾಗ, ಕನ್ನಡದ ಒಂದೊಂದು ಸಂಕೇತಕ್ಕೆ 3. ‘ಸ್ತ್ರೀ’ ಅನ್ನುವಲ್ಲಿ ಆರು ಸಂಕೇತ, ಅಂದರೆ 18 ಬೈಟ್. ಈ ಮಾದರಿಗಳು ಪದವನ್ನು ಚೂರು ಮಾಡಿ ನುಂಗುವಾಗ ಕನ್ನಡ ಹೆಚ್ಚು ಚೂರಾಗುತ್ತದೆ, ಒಂದು ಸಲಕ್ಕೆ ಓದಬಲ್ಲಷ್ಟು ಮಿತಿ ಮುಗಿದು ಹೊಟ್ಟೆ ಬೇಗ ತುಂಬುತ್ತದೆ. ಹತ್ತು ಚೀಟಿ ಹುಡುಕಿ ಹತ್ತನ್ನೇ ಕೊಟ್ಟರೆ ಉತ್ತರವೂ ನೆಟ್ಟಗಿರುತ್ತದೆ.

ಈಗ ಶುಗರ್ ಕಥೆ. ಅಪ್ಪ ಬೆಳಿಗ್ಗೆ ಎದ್ದು ಖಾಲಿಹೊಟ್ಟೆಯಲ್ಲಿ ಮನೆಯ ಮಶೀನಿನಲ್ಲಿ ನೋಡಿ ವಾಟ್ಸ್‌ಆ್ಯಪ್ ಮಾಡುತ್ತಾರೆ: ‘ಇವತ್ತು 138. ಕೊಟ್ಟಿಗೆ ತುಂಬ ಸೊಪ್ಪು ಬಂದಿದೆ.’ ‘144. ಕರೆಂಟಿಲ್ಲ.’ ಡಾಕ್ಟರ ಹತ್ತಿರ ಹೋಗುವ ಮೊದಲು ಡಿಸೆಂಬರ್‌ನಿಂದ ಫೆಬ್ರವರಿವರೆಗಿನ 90 ದಿನದ ಮಾತುಕತೆ ಎಐಗೆ ಕೊಟ್ಟು, ದಿನಾಂಕ ಮತ್ತು ಅಂಕಿಯ ಪಟ್ಟಿ ಮಾಡಿಸಿದೆ. ಎಷ್ಟು ಚಂದದ ಪಟ್ಟಿ! 90 ಸಾಲು, ಒಂದೂ ಖಾಲಿ ಇಲ್ಲ. ಪ್ರಿಂಟ್ ತೆಗೆಯಲು ಹೊರಟವಳಿಗೆ ಶಿವರಾತ್ರಿ ಸಾಲು ಕಣ್ಣಿಗೆ ಬಿತ್ತು, 131. ಶಿವರಾತ್ರಿಗೆ ಅಪ್ಪ ಗೋಕರ್ಣದಲ್ಲಿದ್ದರು. ಮಶೀನು ಶಿರಸಿಯ ಮನೆಯ ಕಪಾಟಿನಲ್ಲಿತ್ತು.

ಎಲ್ಲಿಂದ ಬಂತು ಈ 131 ಅಂತ ಕೇಳಿದೆ. ಕ್ಷಮೆ ಕೇಳಿ, ಹಿಂದು ಮುಂದಿನ ದಿನ ನೋಡಿ ಅಂದಾಜು ಹಾಕಿದೆ ಅಂದಿತು. ಆ ವಿವರಣೆಯನ್ನೂ ನಂಬುವ ಹಾಗಿಲ್ಲ. ತಾನು ಯಾಕೆ ಹಾಗೆ ಬರೆದೆ ಅಂತ ಅದು ಹಿಂತಿರುಗಿ ನೋಡಿ ಹೇಳುತ್ತಿಲ್ಲ, ಆ ಪ್ರಶ್ನೆಗೆ ಹೊಂದುವ ಇನ್ನೊಂದು ಉತ್ತರ ಹೊಸೆಯುತ್ತಿದೆ.

ಆಮೇಲೆ ದಾರಿ ಬದಲಿಸಿದೆ. ‘ನೀನು ಓದಬೇಡ, ಈ ಫೈಲಿನಿಂದ ಅಂಕಿ ಹೆಕ್ಕುವ ಪೈಥಾನ್ ಪ್ರೋಗ್ರಾಮ್ ಬರೆದುಕೊಡು’ ಅಂದೆ. ವಾಟ್ಸ್‌ಆ್ಯಪ್ ರಫ್ತು ಮಾಡಿದ ಫೈಲಿನಲ್ಲಿ ಪ್ರತಿ ಸಂದೇಶದ ಮುಂದೆ ದಿನಾಂಕ ಇರುತ್ತದೆ, ಇಪ್ಪತ್ತೈದು ಸಾಲಿನ ಕೆಲಸ. ಪ್ರೋಗ್ರಾಮಿಗೆ ಅಂದಾಜು ಹಾಕಲು ಬರುವುದಿಲ್ಲ. ಇದ್ದರೆ ಇದೆ, ಇಲ್ಲದಿದ್ದರೆ ಖಾಲಿ. 67 ದಿನ ಅಂಕಿ, 23 ದಿನ ಖಾಲಿ. ಡಾಕ್ಟರು ಅಂಕಿಗಳ ಮೇಲೆ ಕಣ್ಣಾಡಿಸಿ, ಖಾಲಿ ಸಾಲುಗಳ ಮೇಲೆ ಪೆನ್ನಿಟ್ಟು ‘ಈ ದಿನ ಯಾಕೆ ನೋಡಿಲ್ಲ ಯಜಮಾನ್ರೇ?’ ಅಂದರು. ಅಪ್ಪ ಗೋಡೆಯ ಕ್ಯಾಲೆಂಡರ್ ನೋಡಿದರು. ಅಮ್ಮ ಬಾಯಿಬಿಟ್ಟಳು: ಗೋಕರ್ಣದ ಮೂರು ದಿನ ಬಿಟ್ಟರೆ ಉಳಿದದ್ದೆಲ್ಲ ಉಪನಯನ, ಮದುವೆ, ಗೃಹಪ್ರವೇಶದ ಮಾರನೇ ದಿನಗಳು. ಹೋಳಿಗೆ ಹೊಡೆದ ಮಾರನೇ ದಿನ ಅಪ್ಪ ಮಶೀನು ಮುಟ್ಟುವುದಿಲ್ಲ. ಆ ಚಂದದ ಪಟ್ಟಿ ಒಯ್ದಿದ್ದರೆ ಮಾತ್ರೆಯ ಮಾತು ಬೇರೆಯೇ ಆಗುತ್ತಿತ್ತು.

ಆನ್‌ಲೈನ್ ಎಐಗೆ ಅಪ್ಪನ ಮಾತುಕತೆಯನ್ನು ಇಡಿಯಾಗಿ ಕೊಟ್ಟದ್ದೂ ಸರಿಯಲ್ಲ, ಅದು ನನಗೆ ಆಮೇಲೆ ಚುಚ್ಚಿತು. ಈಗ ಮನೆಯವರ ಆರೋಗ್ಯ, ಬ್ಯಾಂಕು, ಬೇರೆಯವರು ಗುಟ್ಟಾಗಿ ಹೇಳಿದ್ದು ಲ್ಯಾಪ್‌ಟಾಪ್ ಬಿಟ್ಟು ಹೊರಗೆ ಹೋಗುವುದಿಲ್ಲ. ಎಐ ಮಾದರಿಗಳನ್ನು ನಮ್ಮ ಕಂಪ್ಯೂಟರಲ್ಲೇ ನಡೆಸುವ ಒಲಾಮ ಅನ್ನುವ ತಂತ್ರಾಂಶ ಹಾಕಿಕೊಂಡು ಅದರಲ್ಲಿ ಗೂಗಲ್‌ನ ಜೆಮ್ಮಾ ಥರದ ಚಿಕ್ಕ ಮಾದರಿ ಓಡಿಸುತ್ತೇನೆ. ಇಂಟರ್‌ನೆಟ್ ತೆಗೆದಿಟ್ಟರೂ ನಡೆಯುತ್ತದೆ. ಕನ್ನಡ ತುಸು ತೊದಲು, ಫ್ಯಾನು ಬಸ್ಸಿನ ಹಾಗೆ ಸದ್ದು ಮಾಡುತ್ತದೆ. ಪಾಸ್‌ವರ್ಡ್ ಮಾತ್ರ ಎಲ್ಲೂ ಬರೆದಿಟ್ಟಿಲ್ಲ, ಕೇಳಬೇಡಿ.

ನೋಟ್ಸ್ ಬಗ್ಗೆ ಬರೆಯುವವರೆಲ್ಲ ಜರ್ಮನಿಯ ಸಮಾಜಶಾಸ್ತ್ರಜ್ಞ ನಿಕ್ಲಾಸ್ ಲೂಮನ್ ಹೆಸರು ಎತ್ತದೆ ಬಿಡುವುದಿಲ್ಲ, ನಾನೂ ಎತ್ತುತ್ತೇನೆ. ಸುಮಾರು 90,000 ಚೀಟಿ ಬರೆದಿಟ್ಟ ಪುಣ್ಯಾತ್ಮ. ಪ್ರತಿಯೊಂದಕ್ಕೂ ನಂಬರ್ ಕೊಟ್ಟು, ಯಾವುದರ ಹಿಂದೆ ಯಾವುದು ಅಂತ ತಾನೇ ಕೂತು ಸೇರಿಸಿದ. ಹಾಗೆ ಜಾಗ ಹುಡುಕುವಾಗಲೇ ಹಳೆಯ ಹತ್ತು ಚೀಟಿ ಕಣ್ಣಿಗೆ ಬೀಳುತ್ತವೆ. ನನಗೆ ಅಷ್ಟು ಶಿಸ್ತಿಲ್ಲ. ಭಾನುವಾರ ಅರ್ಧ ಗಂಟೆ ಆ ವಾರದ ಚೀಟಿ ಓದಿ, ಬೇಡದ್ದನ್ನು ಅಳಿಸುತ್ತೇನೆ. ಅಳಿಸುವ ಕೆಲಸವನ್ನು ಎಐಗೆ ಕೊಟ್ಟಿಲ್ಲ, ಕೊಡುವುದೂ ಇಲ್ಲ.

ಹೋದ ಭಾನುವಾರ ಹಳೆಯದೊಂದು ಎದ್ದು ಬಂತು, 2017ರದ್ದು, ನನ್ನದೇ ಬರಹ: ‘ಶನಿವಾರ. ನೀಲಿ ಡಬ್ಬಿ. ಅತ್ತೆಗೆ ಹೇಳಬಾರದು.’ ಏನೂ ನೆನಪಾಗಲಿಲ್ಲ. ಲ್ಯಾಪ್‌ಟಾಪಿನ ಮಾದರಿಯನ್ನು ಕೇಳಿದೆ. ಅದು ಹುಟ್ಟುಹಬ್ಬದ ಉಡುಗೊರೆ ಇರಬಹುದು ಅಂದಿತು, ‘ಶಾಪಿಂಗ್’ ಅಡಿ ಹಾಕಲೇ ಅಂತಲೂ ಕೇಳಿತು. ನಮ್ಮತ್ತೆ ಅಡುಗೆಮನೆಯಲ್ಲಿ ಕಾಯಿ ತುರಿಯುತ್ತಿದ್ದರು. ಬೇಡ ಅಂತ ಒತ್ತಿ ಫೈಲು ಮುಚ್ಚಿದೆ.