ಡೇವಿಡ್ ಪಾಸ್, ಗೊಮ್ಮಟ ಫೇಲ್

"ಅವನ ಡಿಪಿ ನನ್ನದಕ್ಕಿಂತ ಗಲೀಜಾಗಿದೆ, ಅದನ್ನ ಯಾಕೆ ಬಿಟ್ಟಿದ್ದೀರಾ?" ಡಿಪಿ ತೆಗೆದುಹಾಕಿದ್ದಕ್ಕೆ ಬರುವ ಮೇಲ್ಮನವಿ ನೋಡುತ್ತಾ ಅಪೀಲ್ ಕ್ಯೂನಲ್ಲಿ ಕೂತವರಿಗೆಲ್ಲ ಈ ಸಾಲು ಬಾಯಿಪಾಠ. ನಾನು ಬೆಂಗಳೂರಿನ ಒಂದು ವೆಂಡರ್ ಕಂಪನಿಯಲ್ಲಿ ಮಾಡರೇಷನ್ ಕೆಲಸ ಮಾಡುತ್ತೇನೆ, ಅಂದರೆ ಬಳಕೆದಾರರು ಹಾಕುವ ಚಿತ್ರ ನಿಯಮಕ್ಕೆ ಸರಿಯಿದೆಯಾ ಅಂತ ನೋಡುವುದು. ಕ್ಲೈಂಟ್ ಒಂದು ಗೇಮಿಂಗ್ ಸೈಟ್, ಹೆಸರು ಬೇಡ. ಹೀಗೆ ಕೇಳುವವರ ಮಾತಲ್ಲಿ ಹೆಚ್ಚಿನ ಸಲ ನಿಜ ಇರುತ್ತದೆ. ಒಂದು ಅಪೀಲ್ ಮಾತ್ರ ನನ್ನ ತಲೆಯಿಂದ ಇನ್ನೂ ಹೋಗಿಲ್ಲ.

ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. "ಇದು ನಮ್ಮ ಗೊಮ್ಮಟೇಶ್ವರ ಸಾರ್, ಇದರಲ್ಲಿ ಏನು ಅಶ್ಲೀಲ ಇದೆ ಹೇಳಿ." ಚಿತ್ರ ದೊಡ್ಡದು ಮಾಡಿ ನೋಡಿದೆ. ಶ್ರವಣಬೆಳಗೊಳದ ಮೂರ್ತಿ, 2018ರ ಮಹಾಮಸ್ತಕಾಭಿಷೇಕದ ಫೋಟೋ. ಅರಿಶಿನದ ನೀರು ತಲೆಯಿಂದ ಇಳಿಯುತ್ತಿದೆ. ಗುಂಗುರು ಕೂದಲು, ತೊಡೆ, ತೋಳಿನ ಮೇಲೆ ಹಬ್ಬಿದ ಮಾಧವಿ ಬಳ್ಳಿ, ಕಾಲ ಹತ್ತಿರ ಹುತ್ತ. ದೊಡ್ಡದಾಗಿ ನೋಡಿದರೆ ಕನ್ನಡಿಗರು ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ಗೇಮ್ ಲಾಬಿಯಲ್ಲಿ ಡಿಪಿ ಕಾಣುವುದು ಉಗುರಿನಷ್ಟು. ಸ್ಟೀಮ್‌ನಂಥ ಕಡೆಯೂ ದೊಡ್ಡ ಅಳತೆ 184 ಪಿಕ್ಸೆಲ್, ಸಣ್ಣದು 32. ಅಷ್ಟು ಚಿಕ್ಕದಾದರೆ ಅರಿಶಿನ ಮೆತ್ತಿದ ಕಲ್ಲು ಮೈಬಣ್ಣದ ಹಾಗೆ ಕಾಣುತ್ತದೆ. ಚಿತ್ರ ಪರೀಕ್ಷಿಸುವ ಎಐ ಮಾಡೆಲ್ 'ನ್ಯೂಡಿಟಿ' ಅಂತ ಹೈ ಸ್ಕೋರ್ ಕೊಟ್ಟು ಆಟೋ ರಿಜೆಕ್ಟ್ ಮಾಡಿತ್ತು. ಮನುಷ್ಯರು ಯಾರೂ ನೋಡಿರಲಿಲ್ಲ.

ಪಕ್ಕದ ಡೆಸ್ಕಿನ ಹಾಸನದ ಹುಡುಗ ಇಣುಕಿ, "ಗುರು, ಇದನ್ನೂ ತೆಗೆದ್ರಾ?" ಅಂದ. ಹಳೆಯ ನಿರ್ಧಾರ ರದ್ದು ಮಾಡುವ 'ಓವರ್‌ಟರ್ನ್' ಬಟನ್ ಒತ್ತಿದೆ. ಅಕೌಂಟಿನ ಮೇಲೆ ಬಿದ್ದಿದ್ದ ಸ್ಟ್ರೈಕ್, ಅಂದರೆ ತಪ್ಪಿನ ಗುರುತು, ವಾಪಸ್. ಮ್ಯಾಕ್ರೋ, ಅಂದರೆ ಸಿದ್ಧ ಉತ್ತರ, ಕಳಿಸಿದೆ, ಮುಂದಿನ ಟಿಕೆಟ್.

ಎರಡು ದಿನ ಬಿಟ್ಟು ಅದೇ ಅಕೌಂಟ್ ಎಸ್ಕಲೇಷನ್‌ನಲ್ಲಿ ಬಂತು. ಈ ಸಲ ಸಸ್ಪೆಂಡ್ ಆಗಿತ್ತು. ನಮ್ಮ ಮ್ಯಾಕ್ರೋ ನಂಬಿ ಆತ ಅದೇ ಫೋಟೋ ಮತ್ತೆ ಹಾಕಿದ್ದ. ಹೋಯಿತು. ಇನ್ನೊಮ್ಮೆ ಹಾಕಿದ್ದ. ಅದೂ ಹೋಯಿತು. ಪ್ರತಿ ಸಲವೂ ಸ್ಟ್ರೈಕ್. ಸಂಜೆ ಅವನ ಟೀಮಿನ ಟೂರ್ನಮೆಂಟ್ ಇತ್ತಂತೆ. ಅದನ್ನು ಮೂರು ಸಲ ಬರೆದಿದ್ದ.

ಶಿಫ್ಟ್ ಮುಗಿಯಲು ಅರ್ಧ ಗಂಟೆ ಇತ್ತು. ನನ್ನ ಟೂಲಿನಲ್ಲಿ ಎಲ್ಲ ಹಸಿರು, 'ಅಪೀಲ್ ಗ್ರಾಂಟೆಡ್' ಅಂತಲೇ ತೋರಿಸುತ್ತಿದೆ. ಆದರೆ ಚಿತ್ರ ಬೀಳುತ್ತಲೇ ಇದೆ. ಟಿಎಲ್ (ಟೀಮ್ ಲೀಡ್) ಮೇಡಂ ಬಂದು ನಿಂತರು, ಎಸ್‌ಎಂಇ, ಅಂದರೆ ನಮ್ಮ ವಿಷಯ ತಜ್ಞ, ಬಂದ. ಯಾರಿಗೂ ಹೊಳೆಯುತ್ತಿಲ್ಲ. ಟೆಸ್ಟ್ ಅಕೌಂಟಿನಿಂದ ಅದೇ ಫೋಟೋ ಹಾಕಿ ನೋಡಿದೆವು, ತಕ್ಷಣ ರಿಜೆಕ್ಟ್. ಕಾರಣದ ಕೋಡ್ ನೋಡಿದ ಮೇಲೆ ಗೊತ್ತಾಯಿತು. ಮಾಡೆಲ್ ಅಲ್ಲ, ಹ್ಯಾಶ್ ಬ್ಯಾಂಕ್! ಹ್ಯಾಶ್ ಅಂದರೆ ಚಿತ್ರದ ಬೆರಳಚ್ಚಿನಂಥ ಗುರುತು, ಬ್ಯಾಂಕಿನಲ್ಲಿರುವ ಗುರುತಿಗೆ ಹೊಂದಿದ ಚಿತ್ರ ತಾನಾಗಿ ರಿಜೆಕ್ಟ್. ಮೊದಲ ರಿಜೆಕ್ಟ್ ಆದಾಗಲೇ ಈ ಚಿತ್ರದ ಹ್ಯಾಶ್ ಬ್ಯಾಂಕಿಗೆ ಸೇರಿಹೋಗಿತ್ತು. ಓವರ್‌ಟರ್ನ್ ಮಾಡಿದರೆ ಅದೂ ತಾನಾಗಿ ಹೋಗುತ್ತದೆ ಅಂತ ಫ್ಲೋರಿನಲ್ಲಿ ಎಲ್ಲರೂ ಅಂದುಕೊಂಡಿದ್ದೆವು. ಹೋಗುವುದಿಲ್ಲ. ಅದಕ್ಕೆ ಬೇರೆ ಟಿಕೆಟ್, ಬೇರೆ ಟೀಮ್, ಬೇರೆ ದೇಶದ ಟೈಮ್‌ಝೋನ್. ಅಲ್ಲಿ ಆಗ ನಡುರಾತ್ರಿ.

ಸಸ್ಪೆನ್ಷನ್ ತೆಗೆಯಲು ಆ ಸಂಜೆ ನಮ್ಮ ಕೈಯಲ್ಲಿ ಆಗಲಿಲ್ಲ. ಟೂರ್ನಮೆಂಟ್ ಮುಗಿದುಹೋಯಿತು. ಆ ಹುಡುಗನಿಗೆ ಹೋಗಿದ್ದು "ನಿಮ್ಮ ತಾಳ್ಮೆಗೆ ಧನ್ಯವಾದ" ಅನ್ನುವ ರೆಡಿಮೇಡ್ ಉತ್ತರ. ನನಗೆ ಈಗಲೂ ಬೇಜಾರಾಗುವುದು ಅದಕ್ಕೇ.

ಚಿತ್ರವನ್ನು ಹ್ಯಾಶ್ ಮಾಡಿ ಹಿಡಿಯುವ ವಿಧಾನದ ಮೇಲೆ ನನಗೆ ಕೋಪವಿಲ್ಲ. ಮೈಕ್ರೋಸಾಫ್ಟ್ ಮತ್ತು ಡಾರ್ಟ್‌ಮತ್ ಕಾಲೇಜಿನ ಹ್ಯಾನಿ ಫರೀದ್ ಸೇರಿ 2009ರಲ್ಲಿ ಫೋಟೋಡಿಎನ್‌ಎ ತಂದಿದ್ದು ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಚಿತ್ರಗಳನ್ನು ಹಿಡಿಯಲಿಕ್ಕೆ. ಅಲ್ಲಿ ಒಂದು ಚಿತ್ರ ಒಮ್ಮೆ ಬ್ಯಾಂಕಿಗೆ ಸೇರಿದರೆ ಸುಲಭಕ್ಕೆ ಹೊರಗೆ ಬರಬಾರದು, ಸರಿ. ಆದರೆ ಮಾಡೆಲ್ ಒಂದೇ ನೋಟಕ್ಕೆ ಬೇಡ ಅಂದ ಡಿಪಿಗಳಿಗೂ ಅದೇ ಬೀಗ ಹಾಕಿದರೆ ಹೇಗೆ? ಮನುಷ್ಯರು ನೋಡಿ ಖಚಿತ ಮಾಡದ ಚಿತ್ರ ಬ್ಯಾಂಕಿಗೆ ಹೋಗಲೇಬಾರದು. ಇದನ್ನು ಯಾವ ಮೀಟಿಂಗಿನಲ್ಲಿ ಬೇಕಾದರೂ ಹೇಳುತ್ತೇನೆ, ಹೇಳಿದ್ದೇನೆ ಕೂಡ.

ಎಲ್ಲರ ನಿರ್ಧಾರ ಒಂದೇ ಅಳತೆಗೆ ತರಲು ಕೂರುವ ಕ್ಯಾಲಿಬ್ರೇಷನ್ ಮೀಟಿಂಗಿನಲ್ಲಿ ಆ ವಾರ ಇನ್ನೊಂದು ಜಗಳ. ನಮ್ಮ ಕೆಲಸದ ಗುಣಮಟ್ಟ ನೋಡುವ ಕ್ಯೂಎ ಟೀಮ್ ನನ್ನ ಓವರ್‌ಟರ್ನ್‌ಗೆ ಎರರ್ ಹಾಕಿತ್ತು. ಕಾರಣ, ಬಟ್ಟೆ ಇಲ್ಲದ ದೇಹ, ಡಿಪಿ ಎಲ್ಲರಿಗೂ ಕಾಣುತ್ತದೆ, 13 ವರ್ಷದ ಮಕ್ಕಳೂ ಇರುತ್ತಾರೆ. ಮಕ್ಕಳ ಮಾತು ನಾನೂ ಒಪ್ಪುತ್ತೇನೆ, ಡಿಪಿಯನ್ನು ಯಾರೂ ಕ್ಲಿಕ್ ಮಾಡಿ ತೆರೆಯುವುದಿಲ್ಲ, ತಾನಾಗೇ ಕಣ್ಣಿಗೆ ಬೀಳುತ್ತದೆ. ಆದರೆ ನಮ್ಮ ಪಾಲಿಸಿ ಡಾಕ್ಯುಮೆಂಟಿನಲ್ಲಿ 'ಕಲೆಗೆ ವಿನಾಯಿತಿ' ಅನ್ನುವ ಕಡೆ ಉದಾಹರಣೆಗೆ ಕೊಟ್ಟಿರುವುದು ಮೈಕೆಲ್ಯಾಂಜೆಲೋನ ಡೇವಿಡ್. 1504ರಲ್ಲಿ ಮುಗಿದ ಮೂರ್ತಿ, ಮೈಮೇಲೆ ಬಟ್ಟೆ ಇಲ್ಲ. ಅದು ಪಾಸ್. ಚಾವುಂಡರಾಯ 981ರ ಹೊತ್ತಿಗೆ ಮಾಡಿಸಿದ, ಜನ ಕೈಮುಗಿದು ಬೆಟ್ಟ ಹತ್ತಿ ನೋಡುವ 57 ಅಡಿಯ ಮೂರ್ತಿ ಫೇಲ್. "ಡೇವಿಡ್‌ಗೆ ಇರುವ ವಿನಾಯಿತಿ ಬಾಹುಬಲಿಗೆ ಯಾಕಿಲ್ಲ?" ಅಂದೆ. ಕಾಲ್‌ನಲ್ಲಿದ್ದ ಪಾಲಿಸಿಯವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಲಿಸ್ಟಿನಲ್ಲಿ ಇಲ್ಲ" ಅಂದರು. ಅಷ್ಟೇ ಉತ್ತರ. ಲಿಸ್ಟ್ ಬರೆದವರಿಗೆ ಗೊತ್ತಿದ್ದ ಕಲೆ ಮಾತ್ರ ಕಲೆ!

ಅದೇ ಸೆಷನ್ನಿನಲ್ಲಿ ಈಜುಡುಗೆಯ ಅನಿಮೆ ಹುಡುಗಿಯ ಡಿಪಿ ಪಾಸ್ ಆಯಿತು. ನೋಡಿದರೆ ಮುಜುಗರ ಆಗುವ ಭಂಗಿ. 'ಸ್ಟೈಲೈಸ್ಡ್' ಅಂತ ಒಂದು ಟ್ಯಾಗ್ ಇದೆ, ಬಿಡಿಸಿದ ಚಿತ್ರಕ್ಕೆ ಸಡಿಲ ನಿಯಮ. ವೇಣೂರಿನ 35 ಅಡಿಯ ಬಾಹುಬಲಿ ರಿಜೆಕ್ಟ್ ಆಗಿದ್ದೂ ಹುಡುಕಿದಾಗ ಸಿಕ್ಕಿತು. ಕಾರ್ಕಳದ 42 ಅಡಿಯದು ಮಾತ್ರ ಇನ್ಯಾರದೋ ಪ್ರೊಫೈಲಿನಲ್ಲಿ ಆರಾಮಾಗಿ ಇತ್ತು. ದೂರದಿಂದ ತೆಗೆದ ಫೋಟೋ, ಆಕಾಶವೇ ಜಾಸ್ತಿ, ಸ್ಕೋರ್ ಕಡಿಮೆ ಬಂದಿರಬೇಕು. ಕ್ರಾಪ್ ಬದಲಾದರೆ ಸ್ಕೋರ್ ಬದಲಾಗುತ್ತದೆ, ಸ್ಕೋರ್ ಬದಲಾದರೆ ದಾರಿಯೇ ಬದಲು.

ಸ್ವಸ್ತಿಕದ ಕಥೆ ಇನ್ನೂ ಕಷ್ಟ. ಜರ್ಮನಿಯ ಕಾನೂನಿನ 86ಎ ಕಲಮಿನಲ್ಲಿ ನಾಜಿ ಚಿಹ್ನೆ ತೋರಿಸುವುದು ಅಪರಾಧ. 2018ರಲ್ಲಿ ಗೇಮ್‌ಗಳ ಒಳಗಿನ ಬಳಕೆಯನ್ನು ಒಂದೊಂದಾಗಿ ನೋಡಿ ಒಪ್ಪಲು ಶುರು ಮಾಡಿದರು, ಆದರೆ ಆಟಗಾರನೊಬ್ಬ ಡಿಪಿಗೆ ಹಾಕಿಕೊಳ್ಳುವುದು ಬೇರೆ ವಿಷಯ. ನಮ್ಮಲ್ಲಿ ಹೊಸ್ತಿಲ ಮೇಲೆ, ರಂಗೋಲಿಯಲ್ಲಿ, ಹೊಸ ಬೈಕಿನ ಮೇಲೆ ಕುಂಕುಮದಲ್ಲಿ ಅದೇ ಗುರುತು. ಹೊಸಬರು 'ಬಲಕ್ಕೆ ತಿರುಗಿದ್ದರೆ ಅವರದು, ಎಡಕ್ಕಾದರೆ ನಮ್ಮದು' ಅಂತ ಹೇಳಿಕೊಂಡು ಬರುತ್ತಾರೆ. ತಪ್ಪು, ನಮ್ಮ ಮನೆಗಳಲ್ಲೂ ಹೆಚ್ಚಾಗಿ ಬಲಕ್ಕೇ ಇರುತ್ತದೆ. ನೋಡಬೇಕಾದ್ದು ಓರೆಯಾಗಿ ನಿಲ್ಲಿಸಿದ್ದಾರಾ, ಕೆಂಪಿನ ಮೇಲೆ ಬಿಳಿ ವೃತ್ತ ಇದೆಯಾ, ಪ್ರೊಫೈಲ್ ಹೆಸರಲ್ಲಿ ನಾಜಿ ಅಭಿಮಾನಿಗಳ ಗುಪ್ತ ನಂಬರ್ ಏನಾದರೂ ಇದೆಯಾ, ನಮ್ಮವರು ಇಡುವ ನಾಲ್ಕು ಚುಕ್ಕಿ ಇದೆಯಾ ಅಂತ. ಇದಕ್ಕೆಲ್ಲ ಸಮಯ ಬೇಕು. ಎಎಚ್‌ಟಿ, ಅಂದರೆ ಒಂದು ಟಿಕೆಟ್ಟಿಗೆ ಸರಾಸರಿ ಹಿಡಿಯಬೇಕಾದ ಸಮಯದ ಟಾರ್ಗೆಟ್, ಸೆಕೆಂಡುಗಳಲ್ಲಿದೆ. ಪ್ರೊಫೈಲ್ ಹೆಸರು ನೋಡಲು ಇನ್ನೊಂದು ಟ್ಯಾಬ್ ತೆರೆಯಬೇಕು, ಯಾರು ತೆರೆಯುತ್ತಾರೆ?

'ಅವನದು ಯಾಕೆ ಉಳಿಯಿತು' ಅನ್ನುವುದಕ್ಕೆ ನಿಜವಾದ ಉತ್ತರ, ಅದನ್ನು ಯಾರೂ ರಿಪೋರ್ಟ್ ಮಾಡಿಲ್ಲ ಅಷ್ಟೇ. ನಿಯಮ ಬಿಗಿಯಾದಾಗ ಹಳೆಯ ಡಿಪಿಗಳನ್ನು ಮತ್ತೆ ಜರಡಿ ಹಿಡಿಯುವುದಿಲ್ಲ, ಹೊಸ ಅಪ್‌ಲೋಡ್‌ಗೆ ಮಾತ್ರ ಹೊಸ ನಿಯಮ. ಹಳೆಯದು ಯಾರಾದರೂ ದೂರು ಕೊಡುವ ತನಕ ಹಾಗೇ ಇರುತ್ತದೆ. ದೂರು ಬರುವುದಾದರೂ ಯಾವಾಗ? ಮ್ಯಾಚ್ ಸೋತ ಸಿಟ್ಟಿಗೆ ಎದುರು ಟೀಮಿನ ಐದೂ ಜನ ಒಟ್ಟಿಗೆ ಒತ್ತಿದಾಗ. ಚೆನ್ನಾಗಿ ಆಡುವವನ ಡಿಪಿಗೆ ಪರೀಕ್ಷೆ ಜಾಸ್ತಿ. ಬಳಕೆದಾರರಿಗೆ ಇದನ್ನು ನಾವು ಎಲ್ಲೂ ಹೇಳುವುದಿಲ್ಲ. ಯುರೋಪಿನವರಿಗೆ ಡಿಎಸ್‌ಎ (ಡಿಜಿಟಲ್ ಸರ್ವಿಸಸ್ ಆಕ್ಟ್) ಕಾನೂನು ಪೂರ್ತಿ ಜಾರಿಯಾದ 2024ರ ಫೆಬ್ರುವರಿಯಿಂದ ಯಾವ ನಿಯಮ, ಮಷೀನ್ ನಿರ್ಧಾರವಾ, ಎಲ್ಲಿ ಮೇಲ್ಮನವಿ ಅಂತ ಬರೆದು ಕಳಿಸುತ್ತೇವೆ. ನಮ್ಮೂರಿನವನಿಗೆ ಒಂದೇ ಸಾಲು, 'ಕಮ್ಯುನಿಟಿ ಗೈಡ್‌ಲೈನ್ಸ್ ಉಲ್ಲಂಘನೆ'. ಆ ಟೆಂಪ್ಲೇಟ್ ರೆಡಿ ಇದೆ, ಇಲ್ಲಿಗೂ ಅದನ್ನೇ ಆನ್ ಮಾಡಿ ಅಂತ ಕೇಳಿದರೆ 'ರೋಡ್‌ಮ್ಯಾಪ್‌ನಲ್ಲಿದೆ' ಅನ್ನುತ್ತಾರೆ.

ಈಗ ಓವರ್‌ಟರ್ನ್ ಸ್ಕ್ರೀನಿನಲ್ಲಿ 'ಹ್ಯಾಶ್ ತೆಗೆಯಿರಿ' ಅಂತ ಒಂದು ಚೆಕ್‌ಬಾಕ್ಸ್ ಬಂದಿದೆ. ಡೇವಿಡ್ ಇರುವ ಸಾಲಿನ ಕೆಳಗೆ ಜೈನ ಮೂರ್ತಿಗಳು ಅಂತ ಸೇರಿದೆ. ನನ್ನ ಕ್ಯೂಎ ಎರರ್ ಮಾತ್ರ ಹಾಗೇ ಉಳಿದಿದೆ, ಸ್ಕೋರ್ ಆ ತಿಂಗಳು ಕ್ಲೋಸ್ ಆಗಿತ್ತಂತೆ.

ನಿಮ್ಮ ಡಿಪಿ ಹೋದರೆ ಅಪೀಲಿನ ಮೊದಲ ಸಾಲಲ್ಲೇ ಅದು ಯಾವ ಮೂರ್ತಿ, ಯಾವ ಊರು, ಯಾವ ಹಬ್ಬ ಅಂತ ಬರೆಯಿರಿ, ನೋಡುವವರು ಕನ್ನಡದವರೇ ಆಗಿರುತ್ತಾರೆ ಅಂತೇನಿಲ್ಲ. ಅಪೀಲ್ ಗೆದ್ದ ಮೇಲೂ ಚಿತ್ರ ಮತ್ತೆ ಬಿದ್ದರೆ ಮೂರನೇ ಸಲ ಹಾಕಬೇಡಿ, ಹಳೆಯ ಟಿಕೆಟ್ ನಂಬರ್ ಹಾಕಿ ಮತ್ತೆ ಅಪೀಲ್ ಮಾಡಿ.